ಹಗಲು ಮಲಗುವವರ ಪರವಾಗಿ

ಗಣಿ, ಕಾರ್ಖಾನೆ, ರೈಸ್ ಮಿಲ್ಲುಗಳ ಪ್ರಥಮ ಚಿಕಿತ್ಸೆ ಕೋಣೆಗಳಿಗೆ ಹೊಸದಾಗಿ ಸೇರುತ್ತಿರುವ ನರ್ಸ್‌ಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಮೂವತ್ತೆರಡು ವರ್ಷ ಈ ಕೆಲಸ ಮಾಡಿದೆ. ಹೊಸಪೇಟೆಯಲ್ಲಿ ಆರಂಭಿಸಿ ಕಂಪ್ಲಿಯ ಒಂದು ನರ್ಸಿಂಗ್ ಹೋಮಿನಲ್ಲಿ ನಿವೃತ್ತಳಾದೆ. ನಡುವೆ ಏಳು ವರ್ಷ, ಅದಿರಿನ ವ್ಯಾಪಾರ ಏರಿ ನಿಂತಿದ್ದ ಕಾಲದಲ್ಲಿ, ಸಂಡೂರಿನ ಗುಡ್ಡದ ಮೇಲಿನ ಒಂದು ಗಣಿಯಲ್ಲಿದ್ದೆ. ಗಣಿಯ ಹೆಸರು ಬರೆಯುವುದಿಲ್ಲ. ಹೆದರಿಕೆಯಿಂದಲ್ಲ. ಹೆಸರು ಬರೆದರೆ ಓದುವವರು ಇದು ಅದೊಂದೇ ಗಣಿಯ ಕಥೆ ಎಂದುಕೊಂಡು ನೆಮ್ಮದಿಯಾಗಿ ಇದ್ದುಬಿಡುತ್ತಾರೆ.

ಕಂಡದ್ದನ್ನು ಕಂಡೆ ಎಂದು, ಕೇಳಿದ್ದನ್ನು ಕೇಳಿದೆ ಎಂದು, ನೆನಪಿಲ್ಲದ್ದನ್ನು ನೆನಪಿಲ್ಲ ಎಂದು ಬರೆಯುತ್ತೇನೆ. ಈ ಅಭ್ಯಾಸ ನನಗೆ ಮೊದಲಿನಿಂದ ಇರಲಿಲ್ಲ. ಒಬ್ಬ ಮನುಷ್ಯನ ಅನ್ನಕ್ಕೆ ಕಲ್ಲು ಬೀಳುವ ಹೊತ್ತಿನಲ್ಲಿ ಕಲಿತದ್ದು.

ನನ್ನ ಕೋಣೆ ಕ್ಯಾಂಟೀನಿನ ಪಕ್ಕದಲ್ಲಿತ್ತು. ಒಂದು ಮಂಚ, ಒಂದು ಆಕ್ಸಿಜನ್ ಸಿಲಿಂಡರ್, ಬಿಪಿ ನೋಡುವ ಪಟ್ಟಿ, ಔಷಧಿಯ ಬೀರು. ಕಿಟಕಿಯ ಅಂಚು ದಿನಕ್ಕೆ ನಾಲ್ಕು ಸಲ ಒರೆಸಿದರೂ ಕೆಂಪು ಧೂಳು ಹೋಗುತ್ತಿರಲಿಲ್ಲ. ಡಾಕ್ಟರು ವಾರಕ್ಕೆರಡು ದಿನ ಬರುತ್ತಿದ್ದರು, ಉಳಿದ ದಿನ ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ನಾನೊಬ್ಬಳೇ. ಸೇರುವ ಮೊದಲು ನನಗೆ ಮೂಳೆ ಮುರಿತ, ಸುಟ್ಟಗಾಯ, ರಕ್ತಸ್ರಾವಗಳ ಬಗ್ಗೆ ತರಬೇತಿ ಕೊಟ್ಟಿದ್ದರು. ಅವು ಬಂದವು, ಬರಲಿಲ್ಲ ಎನ್ನುವುದಿಲ್ಲ. ಆದರೆ ದಿನವೂ ಬಾಗಿಲಲ್ಲಿ ನಿಲ್ಲುತ್ತಿದ್ದವರು ಬೇರೆ. ಎದೆಯುರಿ ಎನ್ನುವವರು, ತಲೆ ಒತ್ತುತ್ತದೆ ಎನ್ನುವವರು, ಕಾರಣವಿಲ್ಲದೆ ಹೆಂಡತಿಯ ಮೇಲೆ ಕೈ ಎತ್ತಿದೆ ಎಂದು ತಲೆ ತಗ್ಗಿಸಿ ಹೇಳುವವರು, ಮಕ್ಕಳ ಹೆಸರು ಹೇಳುವಾಗ ತಡವರಿಸುವವರು. ಇವರಿಗೆ ಬಿಳಿ ಮಾತ್ರೆ, ಗುಲಾಬಿ ಮಾತ್ರೆ, ಒಂದು ಲೋಟ ನೀರು ಕೊಟ್ಟು ಕಳಿಸುತ್ತಿದ್ದೆವು. ಇವರೆಲ್ಲರ ಕಾಯಿಲೆ ಒಂದೇ ಎಂದು ತಿಳಿಯಲು ನನಗೆ ಎರಡು ವರ್ಷ ಹಿಡಿಯಿತು. ನಿಮಗೆ ಎರಡು ದಿನದಲ್ಲಿ ತಿಳಿಯಲಿ ಎಂದೇ ಬರೆಯುತ್ತಿದ್ದೇನೆ: ಇವರು ನಿದ್ದೆ ಇಲ್ಲದವರು.

ಈಗ ನನ್ನ ತಪ್ಪಿನ ವಿಷಯ. ಅದನ್ನು ಕೊನೆಗೆ ಹೇಳಿ ಮುಗಿಸುವುದು ಸುಲಭ, ಅದಕ್ಕೇ ಮೊದಲು ಹೇಳುತ್ತೇನೆ.

ಕೋಣೆಯ ಗೋಡೆಗೆ ನಾನೇ ಒಂದು ಹಾಳೆ ಅಂಟಿಸಿದ್ದೆ. ನೀಲಿ ಸ್ಕೆಚ್ ಪೆನ್ನಿನಲ್ಲಿ, ದುಂಡಗಿನ ಅಕ್ಷರದಲ್ಲಿ. ‘ರಾತ್ರಿ ಹತ್ತಕ್ಕೆ ಮಲಗಿ. ಬೆಳಿಗ್ಗೆ ಐದಕ್ಕೆ ಏಳಿ. ಹಗಲು ನಿದ್ದೆ ಬೇಡ. ಚಿಂತೆ ಬಿಡಿ.’ ನರ್ಸಿಂಗ್ ಶಾಲೆಯಲ್ಲಿ ಕಲಿತದ್ದನ್ನೇ ಬರೆದಿದ್ದೆ. ಗಣಿಯಲ್ಲಿ ಮೂರು ಶಿಫ್ಟ್ ಇದ್ದವು. ಬೆಳಿಗ್ಗೆ ಆರರಿಂದ ಎರಡು, ಎರಡರಿಂದ ರಾತ್ರಿ ಹತ್ತು, ಹತ್ತರಿಂದ ಬೆಳಿಗ್ಗೆ ಆರು. ವಾರಕ್ಕೊಮ್ಮೆ ಶಿಫ್ಟ್ ಬದಲಾಗುತ್ತಿತ್ತು. ಅಂದರೆ ಯಾವ ವಾರದಲ್ಲಾದರೂ ಮೂರರಲ್ಲಿ ಒಂದು ಪಾಲು ಜನ ರಾತ್ರಿ ಹತ್ತಕ್ಕೆ ಮಲಗುವುದಿರಲಿ, ಹತ್ತಕ್ಕೆ ಅದಿರು ಹೊರುವ ಡಂಪರ್ ಏರುತ್ತಿದ್ದರು. ನನ್ನ ಹಾಳೆ ಅವರಿಗೆ ತಮಾಷೆಯಾಗಿತ್ತು.

ಒಬ್ಬ ವೆಲ್ಡರ್ ಅದನ್ನು ಜೋರಾಗಿ ಓದಿ, “ಸಿಸ್ಟರ್‌ರೀ, ಇದನ್ನ ಮ್ಯಾನೇಜರ್ ಸಾಹೇಬ್ರ ಬಂಗ್ಲೆಕ ಅಂಟಸ್ರಿ. ಅವರ ಗ್ವಾಡಿಗೆ ಭಾಳ ಚಂದ ಕಾಣಸ್ತೈತಿ” ಎಂದಿದ್ದ.

ನಾನೂ ನಕ್ಕಿದ್ದೆ. ಹಾಳೆಯನ್ನು ಮಾತ್ರ ತೆಗೆಯಲಿಲ್ಲ.

ಈರಣ್ಣ ನಗಲಿಲ್ಲ. ಅವನು ವಡ್ಡು ಗ್ರಾಮದವನು, ಡಂಪರ್ ಓಡಿಸುತ್ತಿದ್ದ, ಮೂವತ್ತರ ಆಸುಪಾಸು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಜಾತಿಯ ಮನುಷ್ಯ. ಮಾತ್ರೆಯನ್ನು ಊಟದ ನಂತರ ಎಂದರೆ ಊಟ ಮುಗಿಸಿ, ಕೈ ತೊಳೆದು, ಒರೆಸಿಕೊಂಡು ನುಂಗುವವನು. ಒಂದು ಶನಿವಾರ ಮಧ್ಯಾಹ್ನ ಶಿಫ್ಟ್ ಮುಗಿಸಿ ಬಂದ.

“ಎದ್ಯಾಗ ಉರಿ ಐತ್ರಿ ಸಿಸ್ಟರ್. ತಲಿ ಹಿಂಗ ಎರಡೂ ಕಡಿಂದ ಹಿಡದಂಗ ಆಗತೈತಿ. ಮನ್ಯಾಗ ಸಣ್ಣದಕ್ಕ ಸಿಟ್ಟು ಬರತೈತಿ.”

“ನಿದ್ದೆ?”

“ಮಧ್ಯಾಹ್ನ ಉಂಡು ಮಕ್ಕಂತೀನ್ರಿ. ರಾತ್ರಿ ಬರಂಗಿಲ್ಲ.”

ಬಿಪಿ ಸ್ವಲ್ಪ ಹೆಚ್ಚಿತ್ತು. ನಾನು ಗೋಡೆ ತೋರಿಸಿದೆ. “ಮಧ್ಯಾಹ್ನ ಮಲಗೋದೇ ಬಿಡಿ. ಎಷ್ಟೇ ಕಣ್ಣೆಳೆದರೂ ಹಗಲು ಒರಗಬೇಡಿ. ಒಂದು ವಾರ ಮಾಡಿ, ನಿದ್ದೆ ತಾನಾಗಿ ಬರುತ್ತದೆ.”

“ಒಂದು ವಾರ ರೀ?”

“ಒಂದು ವಾರ ಕಡ್ಡಾಯ.”

ರಿಜಿಸ್ಟರಿನಲ್ಲಿ ಬರೆದೆ: ‘ಹಗಲು ನಿದ್ದೆ ಸಂಪೂರ್ಣ ಬಿಡಲು ತಿಳಿಸಲಾಗಿದೆ.’ ಸಹಿ ಹಾಕಿದೆ. ಬೆಳಗಿನ ಶಿಫ್ಟಿನವನಿಗೆ ಆ ಸಲಹೆ ತಪ್ಪೇನಲ್ಲ. ಆದರೆ ಆ ದಿನ ಶನಿವಾರ. ಸೋಮವಾರದಿಂದ ಅವನಿಗೆ ರಾತ್ರಿ ಶಿಫ್ಟ್. ‘ಮುಂದಿನ ವಾರ ನಿಮ್ಮ ಶಿಫ್ಟ್ ಯಾವುದು’ ಎಂಬ ಒಂದೇ ಪ್ರಶ್ನೆಯನ್ನು ನಾನು ಕೇಳಲಿಲ್ಲ. ಅವನೂ ಹೇಳಲಿಲ್ಲ. ಹೇಳುವುದು ಅವನ ಕೆಲಸವಾಗಿರಲಿಲ್ಲ, ಕೇಳುವುದು ನನ್ನದಾಗಿತ್ತು.

ಆ ವಾರ ಬುಧವಾರ ಗಣಿಯಲ್ಲಿ ಒಂದು ಶಿಬಿರ ನಡೆಯಿತು. ‘ಒತ್ತಡ ಮುಕ್ತ ಜೀವನ’ ಎಂದು ಬ್ಯಾನರ್ ಕಟ್ಟಿದ್ದರು. ತರಬೇತುದಾರರು ದೂರದಿಂದ ಕಾರಿನಲ್ಲಿ ಬಂದಿದ್ದರು. ಸಮಯ ಮಧ್ಯಾಹ್ನ ಮೂರರಿಂದ ಐದು. ಆ ಹೊತ್ತಿಗೆ ಎರಡನೇ ಶಿಫ್ಟಿನವರು ಕೆಲಸದಲ್ಲಿರುತ್ತಾರೆ, ಅವರನ್ನು ಕರೆದರೆ ಅದಿರು ನಿಲ್ಲುತ್ತದೆ. ಮೊದಲನೇ ಶಿಫ್ಟಿನವರನ್ನು ಉಳಿಸಿಕೊಂಡರು. ರಾತ್ರಿ ಶಿಫ್ಟಿನವರನ್ನು ಮನೆಯಿಂದ ಬಸ್ಸು ಕಳಿಸಿ ಕರೆಸಿದರು. ಹಾಜರಿ ಕಡ್ಡಾಯ, ಹಾಳೆಯಲ್ಲಿ ಸಹಿ ಮಾಡಬೇಕು. ನಿದ್ದೆಯ ಬಗ್ಗೆ ಹೇಳಿಕೊಡಲು ಮಲಗಬೇಕಾದ ಹೊತ್ತಿನಲ್ಲಿ ಜನರನ್ನು ಕರೆತಂದದ್ದು ಆ ದಿನ ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ನನಗೂ ಅನ್ನಿಸಲಿಲ್ಲ. ನಾನು ಬಾಗಿಲ ಹತ್ತಿರ ನಿಂತು ಹಾಳೆಯಲ್ಲಿ ಸಹಿ ಮಾಡಿಸುತ್ತಿದ್ದೆ.

ಕಣ್ಣು ಮುಚ್ಚಿ ಉಸಿರು ಗಮನಿಸಿ ಎಂದರು. ಐದು ನಿಮಿಷದ ನಂತರ ಎಲ್ಲರೂ ಕಣ್ಣು ತೆರೆದರು, ಎರಡನೇ ಸಾಲಿನಲ್ಲಿದ್ದ ಈರಣ್ಣ ತೆರೆಯಲಿಲ್ಲ. ತರಬೇತುದಾರರು ಅವನ ಹತ್ತಿರ ಹೋಗಿ ಮೆಲ್ಲಗೆ, “ನೋಡಿ, ಈ ಸಹೋದರರು ಎಷ್ಟು ಆಳಕ್ಕೆ ಇಳಿದಿದ್ದಾರೆ!” ಎಂದರು.

ಅಷ್ಟರಲ್ಲಿ ಅವನ ಗೊರಕೆ ಶುರುವಾಯಿತು. ಇಡೀ ಕ್ಯಾಂಟೀನ್ ನಕ್ಕಿತು. ಹಿಂದಿನಿಂದ ಯಾರೋ ಕೂಗಿದರು: “ಲೇ ಈರ, ಇದ್ಯಾವ ಧ್ಯಾನಲೇ? ನಮಗೂ ಕಲಸೋ!”

ಅವನು ಗಾಬರಿಯಿಂದ ಎದ್ದು ನಿಂತ. ಎದ್ದು ನಿಂತವನು ನನ್ನ ಕಡೆ ನೋಡಿದ. ಹಗಲು ಒರಗಬೇಡಿ ಎಂದವಳು ನಾನೇ ಅಲ್ಲವೇ. ತಪ್ಪು ಮಾಡಿ ಸಿಕ್ಕಿಬಿದ್ದವನ ಹಾಗೆ ನೋಡಿದ. ನಾನು ನಗುತ್ತಿದ್ದೆ. ಆ ನಗುವನ್ನು ನಾನು ಇವತ್ತಿಗೂ ಕ್ಷಮಿಸಿಕೊಂಡಿಲ್ಲ.

ಮರುದಿನ ಗುರುವಾರ. ಬೆಳಿಗ್ಗೆ ಆರಕ್ಕೆ ಅವನ ಶಿಫ್ಟ್ ಮುಗಿಯಬೇಕಿತ್ತು. ಬದಲಿ ಡ್ರೈವರ್ ಬರಲಿಲ್ಲ. ‘ಡಬಲ್ ಮಾಡು’ ಎಂದು ಮುಂದಿನ ಶಿಫ್ಟಿಗೂ ಅವನನ್ನೇ ಉಳಿಸಿಕೊಂಡರು. ಆ ಕಾಲದಲ್ಲಿ ಅದು ದಿನನಿತ್ಯದ ಮಾತು, ಯಾರೂ ಇಲ್ಲ ಎನ್ನುತ್ತಿರಲಿಲ್ಲ. ಒಂಬತ್ತೂ ನಲವತ್ತಕ್ಕೆ ಅವನ ಡಂಪರ್ ತಿರುವಿನಲ್ಲಿ ತಿರುಗದೆ ನೇರವಾಗಿ ಹೋಯಿತು. ದಾರಿಯಂಚಿಗೆ ಹಾಕಿದ್ದ ಮಣ್ಣಿನ ಏರಿಯನ್ನು ಒಡೆದು, ಕೆಳಗೆ ನಿಂತಿದ್ದ ಜೀಪನ್ನು ಅಪ್ಪಚ್ಚಿ ಮಾಡಿ, ಕಲ್ಲಿಗೆ ಆನಿಕೊಂಡು ನಿಂತಿತು. ಜೀಪಿನ ಡ್ರೈವರ್ ಮೂತ್ರಕ್ಕೆಂದು ಇಳಿದು ಹೋಗಿದ್ದ. ಒಂದು ಜೀವ ಉಳಿದದ್ದು ಅಷ್ಟರಿಂದ. ಅವನೂ ನನ್ನ ಕೋಣೆಗೆ ಬಂದು ಕುಳಿತ. ಮೈಮೇಲೆ ಒಂದು ಗೀರೂ ಇಲ್ಲ, ಎರಡು ತಾಸು ನಡುಗಿದ.

ಈರಣ್ಣನನ್ನು ಸ್ಟ್ರೆಚರ್ ಮೇಲೆ ತಂದರು. ಭುಜದ ಮುಂದಿನ ಕಾಲರ್ ಬೋನ್ ಮುರಿದಿತ್ತು. ಅಪಘಾತದ ಫಾರ್ಮಿನಲ್ಲಿ ಒಂದು ಸಾಲು ಇತ್ತು: ‘ಮದ್ಯದ ವಾಸನೆ: ಇದೆ / ಇಲ್ಲ.’ ಉಸಿರು ಪರೀಕ್ಷಿಸುವ ಯಂತ್ರ ನಮ್ಮಲ್ಲಿರಲಿಲ್ಲ. ನರ್ಸ್ ಬಾಯಿಯ ಹತ್ತಿರ ಮುಖ ತಂದು ಮೂಸಿ ನೋಡಬೇಕು. ನೋಡಿದೆ. ಡೀಸೆಲ್, ಬೆವರು, ಖಾಲಿ ಹೊಟ್ಟೆಯ ಹುಳಿ. ಹೆಂಡದ ವಾಸನೆ ಇರಲಿಲ್ಲ. ‘ಇಲ್ಲ’ ಎಂಬುದಕ್ಕೆ ಗುರುತು ಹಾಕಿದೆ.

“ಏನಾಯಿತು ಈರಣ್ಣ?” ಎಂದೆ.

“ನಾ ಹಗಲು ಮಕ್ಕಂಡಿಲ್ರಿ ಸಿಸ್ಟರ್,” ಎಂದ. “ನೀವು ಹೇಳ್ದಂಗ. ಒಂದು ದಿನಾನೂ ಮಕ್ಕಂಡಿಲ್ಲ.”

ನೋವಿನಲ್ಲಿ ಇದ್ದವನು ನನಗೆ ಲೆಕ್ಕ ಒಪ್ಪಿಸುತ್ತಿದ್ದ. ನನ್ನ ಕೈಯಿಂದ ಪೆನ್ನು ಬಿತ್ತು. ಅದು ಚೆನ್ನಾಗಿ ನೆನಪಿದೆ. ಆಮೇಲೆ ಆಂಬುಲೆನ್ಸ್ ಹೊರಡುವವರೆಗೆ ಏನು ಮಾಡಿದೆ ಎಂಬುದು ನೆನಪಿಲ್ಲ.

ಸಂಜೆ ಸಿಬ್ಬಂದಿ ವಿಭಾಗದ ಮ್ಯಾನೇಜರ್ ಕರೆಸಿದರು. ಅವರು ನಮ್ಮ ಕಡೆಯವರಲ್ಲ, ಮೈಸೂರಿನ ಕಡೆಯ ಮಾತು. ಕೆಟ್ಟವರಲ್ಲ, ಮಗಳ ಜ್ವರಕ್ಕೆ ನನ್ನನ್ನೇ ಕೇಳುತ್ತಿದ್ದವರು. ಮೇಜಿನ ಮೇಲೆ ಹೊಸ ಫಾರ್ಮ್ ಇತ್ತು.

“ಸಿಸ್ಟರ್, ನೀವು ಗಾಬರಿಯಲ್ಲಿ ಬರೆದಿದ್ದೀರಿ. ಇನ್ನೊಂದು ಸಲ ನಿಧಾನವಾಗಿ ತುಂಬಿ.”

“ನಿಧಾನವಾಗಿಯೇ ತುಂಬಿದ್ದೇನೆ ಸಾರ್.”

“ಹಗಲು ಹೊತ್ತು, ಒಣಗಿದ ದಾರಿ, ಗಾಡಿ ಕಂಡೀಷನ್ ಚೆನ್ನಾಗಿದೆ. ಕುಡಿಯದೆ ಹೀಗಾಗುತ್ತಾ? ಒಂದು ಟಿಕ್ ಮಾರ್ಕ್ ಅಷ್ಟೇ ಅಲ್ವಾ.”

ಆ ಗುರುತಿನ ಅರ್ಥ ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಕುಡಿದು ಓಡಿಸಿದವನೆಂದು ಬಿದ್ದರೆ ಕೆಲಸ ಹೋಗುತ್ತದೆ, ಡಬಲ್ ಮಾಡಿಸಿದವರನ್ನು ಯಾರೂ ಕೇಳುವುದಿಲ್ಲ. ಸಂಡೂರು, ಹೊಸಪೇಟೆಯ ಯಾವ ಗಣಿಯೂ ಆಮೇಲೆ ಅವನ ಕೈಗೆ ಸ್ಟೇರಿಂಗ್ ಕೊಡುವುದಿಲ್ಲ. ಅವನಿಗೆ ಬೇರೆ ಕೆಲಸ ಬರುತ್ತಿರಲಿಲ್ಲ.

“ಬರೆಯುವುದಿಲ್ಲ ಸಾರ್,” ಎಂದೆ. ಹೊಸ ಫಾರ್ಮನ್ನು ಅವರ ಕಡೆಗೇ ಸರಿಸಿದೆ.

“ವಿಚಾರಣೆ ಮಾಡಿಸ್ತೀವಿ. ನಿಮ್ಮನ್ನೂ ಕರೀತಾರೆ,” ಎಂದರು. ಸಿಟ್ಟಿನಿಂದಲ್ಲ, ತಿಳಿಹೇಳುವ ಹಾಗೆ.

ನಾನು ವಡ್ಡಿಗೆ ಹೋದದ್ದು ಅದಾದ ಎರಡನೇ ಭಾನುವಾರ. ಹೊಸಪೇಟೆಯಿಂದ ಬಸ್ಸು ಹತ್ತಿದರೆ ಗಾದಿಗನೂರಿನ ಹತ್ತಿರ ಅದಿರಿನ ಲಾರಿಗಳ ಸಾಲಿನಲ್ಲಿ ಒಂದೂವರೆ ತಾಸು ನಿಂತೆವು. ಬಸ್ಸಿನಲ್ಲಿ ರಾತ್ರಿ ಪಾಳಿ ಮುಗಿಸಿದ ನಾಲ್ಕು ಜನ ನಿಂತುಕೊಂಡೇ ತೂಕಡಿಸುತ್ತಿದ್ದರು. ಆ ದಾರಿಯಲ್ಲಿ ನಾನು ವರ್ಷಗಟ್ಟಲೆ ಓಡಾಡಿದ್ದೆ. ಈ ಒಂದೂವರೆ ತಾಸು ಯಾರ ನಿದ್ದೆಯಿಂದ ಹೋಗುತ್ತಿದೆ ಎಂದು ಅವತ್ತೇ ಮೊದಲು ಯೋಚಿಸಿದ್ದು.

ಈರಣ್ಣನ ಮನೆ ಎರಡು ಅಂಕಣದ್ದು, ಮುಂದೊಂದು ಹಿಂದೊಂದು, ತಗಡಿನ ಮೇಲ್ಛಾವಣಿ. ಬೇಸಿಗೆಯ ಮಧ್ಯಾಹ್ನ ಒಳಗೆ ನಿಂತರೆ ತಲೆಯ ಮೇಲೆ ಕೆಂಡ ಸುರಿದ ಹಾಗೆ. ಅವನು ಪೆಟ್ಟಾದ ಕಡೆಯ ಕೈಯನ್ನು ಬಟ್ಟೆಯ ಜೋಳಿಗೆಯಲ್ಲಿ ಕೊರಳಿಗೆ ಕಟ್ಟಿಕೊಂಡು ಗೋಡೆಗೆ ಒರಗಿದ್ದ. ಹೆಂಡತಿ ಶಿವಮ್ಮ ನೀರು ಕೊಟ್ಟು ಬಾಗಿಲಿಗೆ ಆನಿ ನಿಂತಳು. ತಾಯಿ ಗೌರಮ್ಮ ನನ್ನ ಮುಂದೆಯೇ ಕುಳಿತಳು.

“ಬಾರವಾ ಸಿಸ್ಟರಮ್ಮ, ಕುಂದ್ರು. ನೀ ಭಾಳ ಚಲೋ ಹೇಳಿದ್ದಿ ನೋಡು,” ಎಂದಳು. “ಹಗಲು ಮಕ್ಕಣಬ್ಯಾಡ ಅಂತ ನಾನೂ ಹತ್ತು ವರ್ಷದಿಂದ ಬಡ್ಕಂಡೀನಿ. ನನ್ನ ಮಾತು ಕೇಳಲಿಲ್ಲ, ನಿನ್ನ ಮಾತು ಕೇಳಿದ.”

ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಆದರೂ ಕೇಳಬೇಕಾದ್ದನ್ನು ಕೇಳಿದೆ. ಸೋಮವಾರದಿಂದ ಗುರುವಾರದವರೆಗೆ, ಗಂಟೆ ಗಂಟೆಯಾಗಿ. ಶಿವಮ್ಮ ಹೇಳುತ್ತ ಹೋದಳು, ನಾನು ಬರೆದುಕೊಂಡೆ. ಸೋಮವಾರ ಬೆಳಿಗ್ಗೆ ಎದ್ದವನು ಹಗಲೆಲ್ಲ ಎಚ್ಚರ, ರಾತ್ರಿ ಕೆಲಸ. ಮಂಗಳವಾರ ಮನೆಗೆ ಬಂದು, ಕಣ್ಣಿಗೆ ನೀರು ಚಿಮುಕಿಸಿಕೊಂಡು, ಓಣಿಯಲ್ಲಿ ಅಡ್ಡಾಡಿ ಹೊತ್ತು ಕಳೆದ. ಸಂಜೆ ಐದೂವರೆಗೆ ತಡೆಯಲಾಗದೆ ಒರಗಿದ.

“ಆರೂವರಿಗೆ ನಾ ಎಬ್ಬಿಸಿದೆ,” ಎಂದಳು ಗೌರಮ್ಮ.

“ಯಾಕಮ್ಮ?”

“ದೀಪ ಹಚ್ಚೋ ಹೊತ್ತು. ಆ ಹೊತ್ತಿಗೆ ಗಂಡಸು ಕಾಲು ಚಾಚಿ ಬಿದ್ದಿದ್ರ ಮನ್ಯಾಗ ಲಕ್ಷ್ಮಿ ನಿಂದರ್ತಾಳೇನು? ಹೆಣ ಮಕ್ಕಂಡಂಗ ಮಕ್ಕಣಬಾರದು.”

ದೀಪ ಹಚ್ಚುವಾಗ ಯಾರೂ ಮಲಗಿರಬಾರದು ಎಂಬುದು ಆ ಮನೆಯೊಂದರ ಮಾತಲ್ಲ. ನಮ್ಮ ಮನೆಯಲ್ಲೂ ಅದೇ. ಜ್ವರ ಬಂದ ಮಕ್ಕಳನ್ನೂ ಎಬ್ಬಿಸಿ ಕೂರಿಸುತ್ತಿದ್ದರು. ಬುಧವಾರ ಬೆಳಿಗ್ಗೆಯೂ ಹಾಗೇ ಎಚ್ಚರವಿದ್ದು, ಶಿಬಿರಕ್ಕೆ ಹೋಗಿ ಮನೆಗೆ ಬಂದಾಗಲೇ ದೀಪದ ಹೊತ್ತು. ಉಂಡು ಒಂದು ತಾಸು ಮಲಗಿ ಎಂಟೂವರೆಗೆ ಬಸ್ಸು ಹತ್ತಿದ. ಕೂಡಿಸಿದೆ. ಸೋಮವಾರ ಬೆಳಿಗ್ಗೆಯಿಂದ ಗುರುವಾರ ಒಂಬತ್ತೂ ನಲವತ್ತರವರೆಗೆ ಅವನು ಹಾಸಿಗೆಯಲ್ಲಿ ಮಲಗಿದ್ದು ಒಟ್ಟು ಎರಡು ತಾಸು. ಲೋಡ್ ತುಂಬುವಾಗ ಸ್ಟೇರಿಂಗಿನ ಮೇಲೆ ಕಣ್ಣು ಮುಚ್ಚಿದ್ದನ್ನು ಯಾರೂ ಬರೆದಿಟ್ಟಿಲ್ಲ.

“ಗೌರಮ್ಮ, ನಾನು ತಪ್ಪು ಹೇಳಿದ್ದೆ,” ಎಂದೆ. “ರಾತ್ರಿ ದುಡಿಯುವವನಿಗೆ ಹಗಲೇ ರಾತ್ರಿ. ಅವನನ್ನು ಎಬ್ಬಿಸಬಾರದಿತ್ತು. ಮಲಗಬೇಡ ಎಂದು ನಾನು ಹೇಳಲೇಬಾರದಿತ್ತು.”

“ಹಂಗಾರ ಅವನ ಎಲುಬು ಮುರದಿದ್ದು ನಿನ್ನ ಮಾತಿಗೋ, ನನ್ನ ದೀಪಕ್ಕೋ?” ಎಂದಳು ಮುದುಕಿ.

“ಅವ್ವಾ, ಸುಮ್ನಿರಬೇ,” ಎಂದ ಈರಣ್ಣ. “ಡಬಲ್ ಮಾಡ್ಸಿದಾವ ಯಾರೂ ಇಲ್ಲೇನು ಇದ್ರಾಗ?”

ಆ ಮಾತು ಅವನೇ ಹೇಳಿದ್ದು. ಅದನ್ನು ಹೇಳುವ ಧೈರ್ಯ ನನಗೆ ಅವನಿಂದ ಬಂತು.

ಅಂದಿನಿಂದ ನಾನು ಕೆಲಸ ಮಾಡುವ ರೀತಿ ಬದಲಾಯಿತು. ಅದನ್ನು ಇಲ್ಲಿ ಬರೆದುಬಿಡುತ್ತೇನೆ, ಕಥೆ ಸ್ವಲ್ಪ ಕಾಯಲಿ. ಸೋಮವಾರ ಹೋಗಿ ಗೋಡೆಯ ಹಾಳೆ ಹರಿದೆ. ಬಂದವರಿಗೆ ಏನಾಗಿದೆ ಎಂದು ಕೇಳುವ ಮೊದಲು ಈ ವಾರ ಯಾವ ಶಿಫ್ಟ್, ಮುಂದಿನ ವಾರ ಯಾವುದು, ನಿನ್ನೆ ಯಾವಾಗಿನಿಂದ ಯಾವಾಗಿನವರೆಗೆ ಮಲಗಿದಿರಿ ಎಂದು ಕೇಳತೊಡಗಿದೆ. ‘ಚೆನ್ನಾಗಿ ನಿದ್ದೆ ಮಾಡ್ತೀರಾ’ ಎಂದು ಕೇಳಬೇಡಿ. ಎಲ್ಲರೂ ಹೂಂ ಎನ್ನುತ್ತಾರೆ. ಗಂಟೆ ಕೇಳಿ.

ರಾತ್ರಿ ಪಾಳಿ ಮುಗಿಸಿದವರು ಮನೆಗೆ ಹೋಗಿ ಸ್ವಲ್ಪ ತಿಂದು ಕೂಡಲೇ ಮಲಗಬೇಕು. ಮನೆಗೆಲಸ, ಬ್ಯಾಂಕು, ಸಂತೆ ಎಲ್ಲ ಎದ್ದ ಮೇಲೆ. ಪಾಳಿಯ ಮೊದಲರ್ಧದಲ್ಲಿ ಚಹಾ ಕುಡಿಯಲಿ, ಕೊನೆಯ ಮೂರು ನಾಲ್ಕು ತಾಸು ಬೇಡ. ಬೆಳಕು ಬರುವ ಕಿಟಕಿಗೆ ಗೋಣಿಚೀಲ ಕಟ್ಟಿ ನೀರು ಚಿಮುಕಿಸಿದರೆ ತಗಡಿನ ಮನೆಯಲ್ಲೂ ಒಂದಿಷ್ಟು ತಂಪಿರುತ್ತದೆ. ಕಣ್ಣಿಗೆ ಕಪ್ಪು ಬಟ್ಟೆ. ಒಂದೇ ಬಾರಿಗೆ ಏಳು ತಾಸು ಸಿಗದಿದ್ದರೆ ಬೆಳಿಗ್ಗೆ ಐದು, ಕೆಲಸಕ್ಕೆ ಹೊರಡುವ ಮೊದಲು ಎರಡು. ನಿದ್ದೆ ಮಾತ್ರೆ ಬೇಕೆಂದು ಬಂದವರನ್ನು ಡಾಕ್ಟರಿಗೆ ಕಳಿಸಿ, ನೀವಾಗಿ ಕೊಡಬೇಡಿ. ಉಸಿರಾಟದ ಅಭ್ಯಾಸ ಒಳ್ಳೆಯದೇ, ನಾನೂ ಕಲಿಸಿದ್ದೇನೆ: ಮಲಗಿಕೊಂಡು, ಒಳಗೆಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡುವುದು. ಅದರಿಂದ ಮೈ ಸಡಿಲಾಗುತ್ತದೆ. ಆದರೆ ಹದಿನಾರು ತಾಸು ದುಡಿಸಿದವನಿಗೆ ಉಸಿರಾಡಲು ಕಲಿಸಿ ಕೈತೊಳೆದುಕೊಳ್ಳುವವರ ಜೊತೆ ನೀವು ನಿಲ್ಲಬೇಡಿ. ಒತ್ತಡವನ್ನು ನಿಭಾಯಿಸು ಎಂದು ಒತ್ತಡ ಹೊತ್ತವನಿಗೆ ಹೇಳಿದಷ್ಟೇ ಜೋರಾಗಿ ಅದನ್ನು ಹೊರಿಸಿದವನಿಗೂ ಹೇಳಿ.

ಮತ್ತು ಮನೆಗೆ ಹೋಗಿ. ಮಲಗುವವನಿಗೆ ಹೇಳಿದರೆ ಅರ್ಧ ಕೆಲಸ, ಎಬ್ಬಿಸುವವರಿಗೆ ಹೇಳಿದರೆ ಪೂರ್ತಿ. ಗೌರಮ್ಮನ ದೀಪವನ್ನು ನಾನು ಕೆಡಿಸಲಿಲ್ಲ. ಅವಳ ನಂಬಿಕೆಯ ಜೊತೆ ಜಗಳಕ್ಕಿಳಿದಿದ್ದರೆ ನಾನು ಸೋಲುತ್ತಿದ್ದೆ. “ದೀಪ ಮುಂದಿನ ಅಂಕಣದಲ್ಲಿ ಹಚ್ಚಿ, ಅವನು ಹಿಂದಿನ ಅಂಕಣದಲ್ಲಿ ಮಲಗಲಿ, ನಡುವೆ ಒಂದು ಸೀರೆ ಕಟ್ಟಿ” ಎಂದೆ. ಮುದುಕಿ ಯೋಚಿಸಿ, “ಸೀರಿ ಕಟ್ಟಿದ್ರ ಅದು ಬ್ಯಾರೆ ಮನಿ ಆದಂಗ ಆತು. ನಡಿತೈತಿ ಬಿಡು” ಎಂದಳು. ಡಾಕ್ಟರು ಬರೆದ ಯಾವ ಚೀಟಿಯೂ ಮಾಡದ ಕೆಲಸವನ್ನು ಆ ಸೀರೆ ಮಾಡಿತು.

ಈಗ ವಿಚಾರಣೆ. ಈರಣ್ಣನ ಜೋಳಿಗೆ ಬಿಚ್ಚುವ ಮೊದಲೇ ಇಟ್ಟುಕೊಂಡರು. ವಿಚಾರಣಾಧಿಕಾರಿ ಹೊರಗಿನಿಂದ ಕರೆಸಿದ ವಯಸ್ಸಾದ ವಕೀಲರು. ಹಿಂದಿನ ದಿನ ಮ್ಯಾನೇಜರ್ ನನ್ನ ರಿಜಿಸ್ಟರ್ ನೋಡಿದ್ದರು. ಶನಿವಾರದ ಆ ಸಾಲಿನ ಮೇಲೆ ಬೆರಳಿಟ್ಟು, “ಇದನ್ನು ನಾನು ನೋಡಿಲ್ಲ ಅಂದುಕೊಳ್ಳಿ. ನೀವೂ ನೋಡಿಲ್ಲ. ಅವನು ಕುಡಿದಿದ್ದ ಅಂತಾದರೆ ಈ ಸಾಲು ಯಾರಿಗೂ ಬೇಕಾಗಲ್ಲ. ಇಲ್ಲ ಅಂತಾದರೆ ಮೊದಲು ಸಿಕ್ಕಿಹಾಕಿಕೊಳ್ಳೋದು ನೀವೇ” ಎಂದಿದ್ದರು.

ಅವರು ಹೇಳಿದ್ದು ಸುಳ್ಳಲ್ಲ. ಆ ರಾತ್ರಿ ನಾನೂ ಮಲಗಲಿಲ್ಲ. ನಿದ್ದೆ ಇಲ್ಲದೆ ಸಾಕ್ಷಿ ಹೇಳಬಾರದೆಂದು ಬೆಳಗಿನ ಜಾವ ಎರಡು ತಾಸು ಬಲವಂತವಾಗಿ ಕಣ್ಣು ಮುಚ್ಚಿದೆ.

ಈರಣ್ಣನ ಎದುರಿನಲ್ಲೇ ವಕೀಲರು ಕೇಳಿದರು, “ಮದ್ಯದ ವಾಸನೆ ಇತ್ತೇ?”

“ಇರಲಿಲ್ಲ.”

“ಖಚಿತವಾಗಿ ಹೇಳುತ್ತೀರಾ? ಮೂಗಿನ ಪರೀಕ್ಷೆ ತಾನೇ?”

“ಮೂಗಿನದೇ. ಕುಡಿದವರನ್ನು ಅದೇ ಮೂಗಿನಿಂದ ಹಿಡಿದುಕೊಟ್ಟಿದ್ದೇನೆ, ಆಗ ಯಾರೂ ಮೂಗನ್ನು ಅನುಮಾನಿಸಲಿಲ್ಲ.”

ಮ್ಯಾನೇಜರ್ ಕುರ್ಚಿಯಲ್ಲಿ ಅಲುಗಾಡಿದರು. “ಹಾಗಾದರೆ ಹಾಡುಹಗಲು ನಿದ್ದೆ ಹೇಗೆ ಬಂತು?” ಎಂದು ವಕೀಲರು ಕೇಳಿದರು.

ನಾನು ರಿಜಿಸ್ಟರ್ ತೆರೆದು ಆ ಸಾಲನ್ನು ಗಟ್ಟಿಯಾಗಿ ಓದಿದೆ. “ಇದು ನನ್ನ ಅಕ್ಷರ, ನನ್ನ ಸಹಿ. ಇವರು ರಾತ್ರಿ ಶಿಫ್ಟಿಗೆ ಹೋಗುತ್ತಾರೆಯೇ ಎಂದು ಕೇಳದೆ ಹಗಲು ಮಲಗಬೇಡಿ ಎಂದೆ. ಇವರು ಪಾಲಿಸಿದರು.”

“ಅಂದರೆ ತಪ್ಪು ನಿಮ್ಮದು.”

“ನನ್ನ ಪಾಲು ನನ್ನದು. ಅದನ್ನು ಬರೆದುಕೊಳ್ಳಿ. ಆದರೆ ನನ್ನ ಪಾಲಿಗೇ ನಿಲ್ಲಿಸಬೇಡಿ. ಬುಧವಾರ ಮೂರು ಗಂಟೆಗೆ ಇವರು ಎಲ್ಲಿದ್ದರು ಎಂಬುದಕ್ಕೆ ಕಂಪನಿಯದೇ ಹಾಜರಿ ಹಾಳೆ ಇದೆ, ತರಿಸಿ. ಗುರುವಾರ ಆರು ಗಂಟೆಗೆ ಮನೆಗೆ ಹೋಗಬೇಕಾದವರು ಒಂಬತ್ತೂ ನಲವತ್ತಕ್ಕೆ ಡಂಪರ್ ಮೇಲೆ ಯಾಕಿದ್ದರು ಎಂಬುದಕ್ಕೆ ಶಿಫ್ಟ್ ಪುಸ್ತಕ ಇದೆ, ಅದನ್ನೂ ತರಿಸಿ. ಮೂರನ್ನೂ ಪಕ್ಕಪಕ್ಕ ಇಟ್ಟು ಓದಿ. ಆಮೇಲೆ ಇವರು ಕುಡಿದಿದ್ದರು ಎಂದು ಬರೆಯಲು ನಿಮಗೆ ಕೈ ಬಂದರೆ ಬರೆಯಿರಿ.”

ಇಷ್ಟು ಮಾತನ್ನು ನಾನು ಒಂದೇ ಉಸಿರಿಗೆ ಆಡಿದ್ದೆ ಎಂದು ಆಮೇಲೆ ಈರಣ್ಣ ಹೇಳಿದ. ನನಗೆ ನೆನಪಿರುವುದು ಮೇಜಿನ ಅಂಚು ಹಿಡಿದದ್ದು ಮಾತ್ರ.

ಹಾಜರಿ ಹಾಳೆ ಬಂತು. ಉಳಿದವರ ಸಹಿಗಳ ನಡುವೆ ಈರಣ್ಣನ ಸಹಿ ಗೆರೆಯಿಂದ ಕೆಳಗೆ ಜಾರಿ ಹೋಗಿತ್ತು, ಬರೆಯುತ್ತಲೇ ತೂಕಡಿಸಿದವನ ಸಹಿ. ವಕೀಲರು ಅದನ್ನು ಕನ್ನಡಕ ಸರಿಸಿ ನೋಡಿದರು. “ಒತ್ತಡ ಮುಕ್ತ ಜೀವನ,” ಎಂದು ಮೇಲಿನ ಅಕ್ಷರಗಳನ್ನು ಓದಿ, ಮ್ಯಾನೇಜರ್ ಕಡೆ ತಿರುಗಿ, “ಇದಕ್ಕೆ ಇವರನ್ನು ಮಲಗಬೇಕಾದ ಹೊತ್ತಿನಲ್ಲಿ ಕರೆತಂದಿರಾ?” ಎಂದರು.

ಹತ್ತು ದಿನದ ನಂತರ ಆದೇಶ ತೆಗೆದುಕೊಳ್ಳಲು ಬರಹೇಳಿದರು. ನನಗೂ ಒಂದು ಮೆಮೊ ಇತ್ತು, ತಪ್ಪು ಸಲಹೆ ಕೊಟ್ಟದ್ದಕ್ಕೆ ಎಚ್ಚರಿಕೆ. ಸಹಿ ಮಾಡಿ ತೆಗೆದುಕೊಂಡೆ. ಅದು ನನಗೆ ಸಲ್ಲಬೇಕಾದದ್ದೇ. ಈರಣ್ಣ ಬೆಳಿಗ್ಗೆ ಹತ್ತಕ್ಕೇ ಬಂದು ಆಫೀಸಿನ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದ. ಸಾಹೇಬರು ಮೀಟಿಂಗಿನಲ್ಲಿದ್ದರು. ಹನ್ನೆರಡರ ಹೊತ್ತಿಗೆ ನಾನು ಹೋದಾಗ ಅವನು ಗೋಡೆಗೆ ತಲೆಯಾನಿಸಿ ನಿದ್ದೆ ಹೋಗಿದ್ದ. ಬಾಯಿ ಸ್ವಲ್ಪ ತೆರೆದಿತ್ತು. ಪೆಟ್ಟಾದ ಕೈಯನ್ನು ಇನ್ನೊಂದು ಕೈ ಹಿಡಿದುಕೊಂಡಿತ್ತು.

ಮ್ಯಾನೇಜರ್ ಕಾಗದ ಹಿಡಿದು ಹೊರಗೆ ಬಂದರು. ನಾನು ಕೈ ಚಾಚಿದೆ, ಕೊಟ್ಟರು. ಓದಿದೆ. ಮದ್ಯಪಾನದ ಆರೋಪ ಸಾಬೀತಾಗಿಲ್ಲ. ಕೆಲಸಕ್ಕೆ ಮರಳಿ ತೆಗೆದುಕೊಳ್ಳಲಾಗಿದೆ. ಪೂರ್ತಿ ಗುಣವಾಗುವವರೆಗೆ ಹಗಲು ಪಾಳಿ. ಎರಡು ಸಲ ಓದಿ ಹಿಂದಿರುಗಿಸಿದೆ.

“ಎಬ್ಬಿಸಿ ಸಿಸ್ಟರ್, ಸಹಿ ಮಾಡಲಿ. ನನಗೆ ಹೊತ್ತಾಗುತ್ತೆ.”

“ಎಬ್ಬಿಸುವುದಿಲ್ಲ ಸಾರ್.”

“ಏನು?”

“ಕುಳಿತುಕೊಳ್ಳಿ. ಎದ್ದ ಮೇಲೆ ಕೊಡಿ.”

ಅವರು ನನ್ನನ್ನು ನೋಡಿದರು, ಅವನನ್ನು ನೋಡಿದರು. ಜವಾನ ಮುಂದೆ ಬಂದು ಈರಣ್ಣನ ಭುಜದ ಕಡೆಗೆ ಕೈ ಚಾಚಿದ. ನಾನು ನಡುವೆ ನಿಂತೆ. ಕೆಳಗೆ ಲೋಡ್ ತುಂಬಿದ ಲಾರಿಗಳು ಒಂದರ ಹಿಂದೊಂದು ಗೇಟು ದಾಟುತ್ತಿದ್ದವು. ಮ್ಯಾನೇಜರ್ ಕಾಗದವನ್ನು ಮಡಚಿ, ಬೆಂಚಿನ ಇನ್ನೊಂದು ತುದಿಗೆ, ಸದ್ದಾಗದ ಹಾಗೆ, ಕುಳಿತರು.